ಇತರೆ: ಮೂರು ಪಾಯಿಂಟ್ ಎರಡು ಮಿಲ್ಲಿಮೀಟರ್

ಹವಾಮಾನ ಉಪಕೇಂದ್ರದ ದಿನವಹಿ ನಮೂನೆಯಲ್ಲಿ ಐದು ಕಾಲಂಗಳಿದ್ದವು: ಮಳೆ, ಆಲಿಕಲ್ಲು, ಇಬ್ಬನಿ, ಮಂಜು, ಇತರೆ. ಕೊನೆಯದನ್ನು ಯಾರು ಯಾಕೆ ಸೇರಿಸಿದರೋ ತಿಳಿಯದು. ಬಹುಶಃ ನಮೂನೆ ಅಚ್ಚು ಹಾಕಿದವನಿಗೆ ಹಾಳೆಯ ಬಲಗಡೆ ಎರಡಂಗುಲ ಜಾಗ ಉಳಿದಿತ್ತು. ಅಲ್ಲಿಯ ಸಹಾಯಕ ವೀಕ್ಷಕ ಹತ್ತೊಂಬತ್ತು ವರ್ಷದಿಂದ ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅಂಗಳದ ಮಳೆಮಾಪಕದ ಮುಂದೆ ಬಗ್ಗಿ, ಒಳಗಿದ್ದ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ, ಐದೂ ಕಾಲಂ ತುಂಬುತ್ತಿದ್ದ. ‘ಇತರೆ’ಯಲ್ಲಿ ಅವನು ಬರೆದದ್ದು ಒಂದೇ ಪದ: ಇಲ್ಲ. ಲೆಕ್ಕ ಹಾಕಿದರೆ ಸುಮಾರು ಏಳು ಸಾವಿರ ‘ಇಲ್ಲ’.

ಬೀದಿಯವರು ಅವನನ್ನು ಮಿಲ್ಲಿಮೀಟರ್ ಎಂದು ಕರೆಯುತ್ತಿದ್ದರು. “ಮಳೆ ಚೆನ್ನಾಗಿ ಬಂತಲ್ವಾ?” ಎಂದು ಕೇಳಿದರೆ “ಹದಿನೇಳು ಪಾಯಿಂಟ್ ಆರು” ಎನ್ನುವ ಮನುಷ್ಯನಿಗೆ ಬೇರೆ ಹೆಸರು ಅಂಟುವುದು ಕಷ್ಟ.

ಅವನಿಗೆ ಬದುಕಿನಲ್ಲಿ ಬೇಕಾಗಿದ್ದುದು ಒಂದೇ. ‘ಸಹಾಯಕ ವೀಕ್ಷಕ’ದಲ್ಲಿನ ‘ಸಹಾಯಕ’ ಹೋಗಬೇಕು. ಆ ಕೇಂದ್ರದಲ್ಲಿ ಅವನೊಬ್ಬನೇ ಇದ್ದ. ಯಾರಿಗೆ ಸಹಾಯಕ ಎಂಬುದು ಇಲಾಖೆಗೂ ಗೊತ್ತಿರಲಿಲ್ಲ. ಹೆಂಡತಿಯ ಕಡೆಯವರು ಸೇರಿದಾಗಲೆಲ್ಲ “ಇನ್ನೂ ಸಹಾಯಾನೇ ಮಾಡ್ತಿದ್ದಾರಾ?” ಎಂದು ಕೇಳುವುದನ್ನು ಒಂದು ಸಂಪ್ರದಾಯ ಮಾಡಿಕೊಂಡಿದ್ದರು. ಈಗ ಕೊನೆಗೂ ಬಡ್ತಿಯ ಕಡತ ಮೇಲಧಿಕಾರಿಯ ಮೇಜಿಗೆ ಬಂದಿತ್ತು. ಈ ತಿಂಗಳೊಳಗೆ ತಪಾಸಣೆ. ನೋಡುವುದು ಒಂದನ್ನೇ: ದಾಖಲೆ ಪುಸ್ತಕದಲ್ಲಿ ತಿದ್ದುಪಡಿ ಇದೆಯೋ ಇಲ್ಲವೋ. ಶಾಯಿಯಲ್ಲಿ ಬರೆದದ್ದನ್ನು ಹೊಡೆದುಹಾಕುವಂತಿಲ್ಲ; ತಪ್ಪಿದ್ದರೆ ಅದಕ್ಕೆ ತಿದ್ದುಪಡಿ ನಮೂನೆ ಇದೆ; ಒಂದು ತಿದ್ದುಪಡಿಗೆ ಮೂರು ವರ್ಷ ಬಡ್ತಿ ಇಲ್ಲ. ಮಿಲ್ಲಿಮೀಟರನ ಪುಸ್ತಕದಲ್ಲಿ ಹತ್ತೊಂಬತ್ತು ವರ್ಷದಿಂದ ಒಂದು ಸೊನ್ನೆಯೂ ತಿದ್ದಿಸಿಕೊಂಡಿರಲಿಲ್ಲ.

ಕೆಳಗೆ ಕಚೇರಿ, ಮೇಲೆ ಅವನ ಮನೆ, ಮನೆಯ ಮೇಲೆ ತಾರಸಿ. ನಿಯಮದ ಪ್ರಕಾರ ಮಾಪಕ ಕಟ್ಟಡದಿಂದ ದೂರವಿರಬೇಕು. ರಸ್ತೆ ಅಗಲ ಮಾಡುವಾಗ ಅಂಗಳದ ಅರ್ಧ ಹೋಗಿ, ಮಾಪಕ ತಾರಸಿಯ ಅಂಚಿನ ಕೆಳಗೇ ಬಂದು ನಿಂತಿತ್ತು. ಈ ಬಗ್ಗೆ ಬರೆದ ಪತ್ರಕ್ಕೆ ಆರು ವರ್ಷವಾದರೂ ಉತ್ತರ ಬಂದಿರಲಿಲ್ಲ. ಉತ್ತರ ಬರುವವರೆಗೆ ಕಾಗದದ ಮೇಲೆ ಅದು ದೂರದಲ್ಲೇ ಇತ್ತು.

ಆ ಮಂಗಳವಾರ ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಮೂರು ವಾರದಿಂದ ಒಂದು ಹನಿ ಬಿದ್ದಿರಲಿಲ್ಲ. ಮಿಲ್ಲಿಮೀಟರ್ ಎಂದಿನಂತೆ ಬಗ್ಗಿದ. ಮಾಪಕದ ಆಲಿಕೆಯ ತುಂಬ ಲೋಳೆ. ಬಣ್ಣವಿಲ್ಲ, ವಾಸನೆಯಿಲ್ಲ, ತಣ್ಣಗೆ, ಸಣ್ಣ ಸಣ್ಣ ಹರಳಾಗಿ ಬೆರಳ ಸಂದಿಯಲ್ಲಿ ಜಾರುವಂಥದು. ಸುತ್ತಲಿನ ಹುಲ್ಲಿನ ಮೇಲೂ ಬಿದ್ದಿತ್ತು. ಗೋಡೆಯಾಚೆ ಟೈಲರಮ್ಮನ ಅಂಗಡಿಯ ತಗಡಿನ ಮೇಲೂ ನಾಲ್ಕು ಮುದ್ದೆ ಹೊಳೆಯುತ್ತಿದ್ದವು. ಅವನು ತಲೆಯೆತ್ತಿ ಆಕಾಶ ನೋಡಿದ. ಆಕಾಶ ನೋಡುವುದು ಅವನ ಕೆಲಸ. ತಾರಸಿ ನೋಡುವುದು ಅವನ ಕೆಲಸವಲ್ಲ.

“ರೀ, ಈ ವಾಷಿಂಗ್ ಮೆಷಿನ್ನು…” ಎಂದು ಮೇಲಿನ ಕಿಟಕಿಯಿಂದ ಹೆಂಡತಿ ಕೂಗಿದಳು.

“ಈಗ ಬೇಡ. ವೀಕ್ಷಣೆ ನಡೀತಿದೆ.”

“ನೀರೇ ಹೊರಗೆ ಹೋಗ್ತಿಲ್ಲ…”

“ತಪಾಸಣೆ ಆಗ್ಲಿ, ಆಮೇಲೆ ಎಲ್ಲಾ ಹೊರಗೆ ಹೋಗುತ್ತೆ!”

ಕಿಟಕಿ ಮುಚ್ಚಿತು. ಮನೆಯಲ್ಲಿ ನಾಲ್ಕು ದಿನದಿಂದ ಹೆಂಡತಿಯ ತಂಗಿ ತನ್ನ ಏಳು ತಿಂಗಳ ಕೂಸಿನೊಂದಿಗೆ ಬಂದು ಕೂತಿದ್ದಳು. ದಿನಕ್ಕೆ ಎರಡು ಬಾರಿ ಮೆಷಿನ್ನು ತಿರುಗುತ್ತಿತ್ತು. ಅವೆಲ್ಲ ಮನೆಯ ವಿಷಯ. ಮನೆಯ ವಿಷಯ ಕಚೇರಿಗೆ, ಕಚೇರಿಯ ವಿಷಯ ಮನೆಗೆ ತರಬಾರದು ಎಂಬುದು ಮಿಲ್ಲಿಮೀಟರನ ತತ್ತ್ವ. ಎರಡರ ನಡುವೆ ಹದಿನಾಲ್ಕು ಮೆಟ್ಟಿಲಿದ್ದವು.

ಅವನು ಲೋಳೆಯನ್ನು ಅಳತೆಯ ಗಾಜಿಗೆ ಬಳಿದು ಹಾಕಿದ. ಕಣ್ಣಿನ ಮಟ್ಟಕ್ಕೆ ಹಿಡಿದ. ಮೂರು ಪಾಯಿಂಟ್ ಎರಡು. ಮಳೆಯಲ್ಲ, ಆಲಿಕಲ್ಲಲ್ಲ, ಇಬ್ಬನಿಯಲ್ಲ, ಮಂಜಲ್ಲ. ಶಾಯಿ ಪೆನ್ನು ತೆಗೆದು, ಏಳು ಸಾವಿರ ‘ಇಲ್ಲ’ಗಳ ಕೆಳಗೆ ಬರೆದ: 3.2. ಲೋಳೆಯನ್ನು ಮುಚ್ಚಳವಿಲ್ಲದ ಒಂದು ಜಾಡಿಗೆ ಹಾಕಿ, ಚೀಟಿ ಅಂಟಿಸಿ, ಬೀರುವಿನಲ್ಲಿಟ್ಟು ಬೀಗ ಜಡಿದ. ಆಮೇಲೆ ಕೇಂದ್ರ ಕಚೇರಿಗೆ ಫೋನ್ ಮಾಡಿದ.

“ಮಳೆ ಇಲ್ಲ, ಆಲಿಕಲ್ಲು ಇಲ್ಲ, ಇಬ್ಬನಿ ಇಲ್ಲ, ಮಂಜು ಇಲ್ಲ, ಇತರೆ ಮೂರು ಪಾಯಿಂಟ್ ಎರಡು.”

ಆ ಕಡೆಯ ಗುಮಾಸ್ತ ಬರೆಯುವುದನ್ನು ನಿಲ್ಲಿಸಿದ್ದು ಈ ಕಡೆಗೆ ಕೇಳಿಸಿತು.

“ಇತರೇನಾ?”

“ಇತರೆ.”

“ಏನ್ರೀ ಅದು?”

“ಅದು ಏನು ಅಂತ ಬರೆಯೋಕೆ ಕಾಲಂ ಇಲ್ಲ.”

“ಹೌದಲ್ಲ… ಸರಿ, ಶುರುವಾಗಿದ್ದು ಎಷ್ಟೊತ್ತಿಗೆ?”

“ಎಂಟೂವರೆ. ನನಗೆ ಕಂಡ ಹೊತ್ತು.”

“ಮುಗಿದಿದ್ದು?”

“ನೋಡಿಲ್ಲ.”

“ನೋಡಿಲ್ಲ ಅಂದ್ರೆ?”

“ಮುಗಿಯೋದನ್ನ ನಾನು ನೋಡಿಲ್ಲ. ನೋಡದೇ ಇರೋದನ್ನ ಹೇಗೆ ಹೇಳ್ಲಿ?”

“ಹಂಗಾದ್ರೆ ಮುಗಿದಿಲ್ಲ.”

“ಹಾಗಂತ ನಾನು ಹೇಳ್ಲಿಲ್ಲ…”

“ನೋಡಿ, ನನ್ನ ಹಾಳೇಲಿ ಎರಡೇ ಇರೋದು. ಒಂದು ಮುಗಿದಿದೆ, ಒಂದು ಮುಂದುವರಿದಿದೆ. ಯಾವುದಕ್ಕೆ ಗೀಟು ಹಾಕ್ಲಿ? ಹಿಂದೆ ಇನ್ನೂ ಹನ್ನೊಂದು ಕೇಂದ್ರದೋರು ಕಾಯ್ತಿದ್ದಾರೆ.”

ಮಿಲ್ಲಿಮೀಟರ್ ಸುಳ್ಳು ಹೇಳುವ ಮನುಷ್ಯನಲ್ಲ. ಆದ್ದರಿಂದ ಹೇಳಿದ: “ಮುಂದುವರಿದಿದೆ.”

“ಮುಂದುವರಿದ್ರೆ ಮೂರು ಗಂಟೆಗೊಂದು ವರದಿ ಕೊಡ್ಬೇಕು. ಗೊತ್ತಲ್ಲ?”

ಗೊತ್ತಿತ್ತು. ಹನ್ನೊಂದೂವರೆಗೆ, ಎರಡೂವರೆಗೆ, ಐದೂವರೆಗೆ ಅವನು ಫೋನ್ ಮಾಡಿದ. ಹೊರಗೆ ಬಿಸಿಲು ಹೊಡೆಯುತ್ತಿತ್ತು. ಎಲೆಯೊಂದೂ ಬೀಳುತ್ತಿರಲಿಲ್ಲ. “ಇತರೆ ಮುಂದುವರಿದಿದೆ” ಎಂದು ಅವನು ವರದಿ ಮಾಡಿದ. ಮಾರನೆಯ ದಿನವೂ ಮಾಡಿದ. ಹೀಗೆ ಅಪ್ಪಟ ಪ್ರಾಮಾಣಿಕತೆಯ ಬಲದಿಂದ, ಎಲ್ಲೂ ಬೀಳದ ಒಂದು ವಸ್ತು ಸರ್ಕಾರದ ಲೆಕ್ಕದಲ್ಲಿ ಎಡೆಬಿಡದೆ ಸುರಿಯತೊಡಗಿತು.

ಮೂರನೆಯ ದಿನ ಕೇಂದ್ರ ಕಚೇರಿಯ ಪ್ರಕಟಣೆಯನ್ನೂ ಟೈಲರಮ್ಮನ ತಗಡಿನ ಮೇಲಿನ ಮುದ್ದೆಗಳನ್ನೂ ನೋಡಿ ಪತ್ರಿಕೆಯವರು ಬರೆದರು: ‘ಆಕಾಶದಿಂದ ಲೋಳೆ: ಮೂರನೇ ದಿನವೂ ನಿಲ್ಲದ ಸುರಿತ’. ಬೀದಿಯವರು ಪತ್ರಿಕೆ ಓದಿ ತಲೆಯೆತ್ತಿದರು. ಏನೂ ಕಾಣಲಿಲ್ಲ. ಆದರೆ ತಮ್ಮ ಬೀದಿಯಲ್ಲಿ ಮೂರು ದಿನದಿಂದ ಬೀಳುತ್ತಿರುವುದು ತಮಗೆ ಕಂಡಿಲ್ಲ ಎಂದು ಮೊದಲು ಒಪ್ಪಿಕೊಳ್ಳುವವರು ಯಾರು?

ಮೊದಲು ಬಂದವರು ನಿವೃತ್ತ ಡ್ರಿಲ್ ಮೇಷ್ಟ್ರು.

“ಬರ್ಕೊಳ್ರಿ. ನಿನ್ನೆ ಸಾಯಂಕಾಲ ಆರು ಗಂಟೆ. ಹಾರುವ ತಟ್ಟೆ. ಒಂದು.”

ಸಾರ್ವಜನಿಕರು ಆಕಾಶದ ಬಗ್ಗೆ ಏನು ಹೇಳಿದರೂ ಹೇಳಿಕೆ ಪಡೆಯಬೇಕು ಎಂಬ ನಿಯಮವಿತ್ತು. ಮಿಲ್ಲಿಮೀಟರ್ ಹಾಳೆ ತೆಗೆದ.

“ಎತ್ತರ ಎಷ್ಟು?”

“ತುಂಬಾ ಎತ್ತರ.”

“ಹಾಗೆ ಬರೆಯೋಕಾಗಲ್ಲ ಮೇಷ್ಟ್ರೇ. ಕೈ ನೀಡಿ ಮುಷ್ಟಿ ಹಿಡೀರಿ. ನೆಲ ಆಕಾಶ ಸೇರೋ ಕಡೆಯಿಂದ ಒಂದರ ಮೇಲೊಂದು ಇಟ್ಕೊಂಡು ಬನ್ನಿ. ಒಂದು ಮುಷ್ಟಿಗೆ ಹತ್ತು ಡಿಗ್ರಿ.”

ನಲವತ್ತು ವರ್ಷ ಮಕ್ಕಳಿಗೆ ಕೈ ಎತ್ತಿ ಇಳಿಸುವುದನ್ನು ಕಲಿಸಿದ ಮೇಷ್ಟ್ರು ಮುಷ್ಟಿಯ ಮೇಲೆ ಮುಷ್ಟಿಯಿಡುತ್ತ ಹೋಗಿ, ತಲೆಯ ಮೇಲೆ ನಿಲ್ಲಿಸಿದರು.

“ಒಂಬತ್ತು.”

“ಒಂಬತ್ತು ಅಂದ್ರೆ ನೆಟ್ಟಗೆ ನೆತ್ತಿ ಮೇಲೆ.”

“ಮತ್ತೆ? ನನ್ನ ನೆತ್ತಿ ಮೇಲೇ ಬಂದು ನಿಂತಿತ್ತು. ನೋಡಿ ಗೌರವ ಕೊಟ್ಟು ಹೋಯ್ತು.”

ಮಿಲ್ಲಿಮೀಟರ್ ಬರೆದುಕೊಂಡ. ನಿಯಮದಂತೆ ಹೇಳಿಕೆಯ ಒಂದು ಪ್ರತಿಗೆ ‘ಸ್ವೀಕರಿಸಲಾಗಿದೆ’ ಎಂಬ ಮುದ್ರೆ ಒತ್ತಿ ಕೊಟ್ಟ. ಮುದ್ರೆಯೇ ಎಡವಟ್ಟಾಯಿತು. ಮೇಷ್ಟ್ರು ಅದನ್ನು ಬೀದಿಯುದ್ದಕ್ಕೂ ತೋರಿಸುತ್ತ ಹೋದರು. ಅರ್ಧ ಗಂಟೆಯಲ್ಲಿ ಟೈಲರಮ್ಮ ಕೊರಳಲ್ಲಿ ಅಳತೆಪಟ್ಟಿ ತೂಗಿಸಿಕೊಂಡು ಬಂದಳು.

“ಮೇಷ್ಟ್ರದು ಎಷ್ಟು ಮುಷ್ಟಿ?”

“ಅವರ ಹೇಳಿಕೆ ಗೋಪ್ಯ.”

“ಒಂಬತ್ತಂತೆ. ನಂದು ಹನ್ನೆರಡು.”

“ಹನ್ನೆರಡು ಅಂದ್ರೆ ನೆತ್ತಿ ದಾಟಿ ಬೆನ್ನ ಹಿಂದೆ ಹೋಗುತ್ತಮ್ಮ.”

“ಬೆನ್ನ ಹಿಂದೇನೇ ಬಂದಿದ್ದು! ಮುಂದೆ ಬಂದಿದ್ರೆ ನಾನು ಬಿಡ್ತಿದ್ನಾ? ಒತ್ತಿ ಮುದ್ರೆ.”

ಐದಾರು ದಿನದಲ್ಲಿ ಮೂವತ್ತೆಂಟು ಹೇಳಿಕೆಗಳಾದವು. ಟೈಲರಮ್ಮ ತನ್ನದಕ್ಕೆ ಕಟ್ಟು ಹಾಕಿಸಿ, ಹೊಲಿಗೆ ಯಂತ್ರದ ಮೇಲೆ ನೇತುಹಾಕಿದಳು. ಒಂಬತ್ತನೆಯ ದಿನ ಕನ್ನಡಕದ ಅಂಗಡಿಯವನು ಬಂದ. ಅವನು ಹಾರುವ ತಟ್ಟೆ ಅಧ್ಯಯನ ಸಂಘದ ಅಧ್ಯಕ್ಷ. ಸಂಘದಲ್ಲಿ ಉಳಿದವರು ಅವನಿಂದ ಕನ್ನಡಕ ಹಾಕಿಸಿಕೊಂಡವರು. ಅವನು ಮಿಲ್ಲಿಮೀಟರನ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

“ಇಪ್ಪತ್ತು ವರ್ಷದಿಂದ ಕಾಯ್ತಿದ್ದೆ ಸಾರ್, ಸರ್ಕಾರ ಯಾವತ್ತು ಬಾಯಿ ಬಿಡುತ್ತೆ ಅಂತ. ನೀವು ಬಿಟ್ರಿ!”

“ನಾನೇನೂ ಬಿಟ್ಟಿಲ್ಲ. ಮೂರು ಪಾಯಿಂಟ್ ಎರಡು ಅಂತ ಮಾತ್ರ…”

“ಅಷ್ಟು ಸಾಕು. ಉಳಿದಿದ್ದು ನಮಗೆ ಅರ್ಥ ಆಗುತ್ತೆ.” ಅಧ್ಯಕ್ಷ ಕಣ್ಣು ಮಿಟುಕಿಸಿದ.

ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಮೇಲಧಿಕಾರಿ ತಪಾಸಣೆಗೆ ಬಂದರು. ದಪ್ಪ ಶರೀರ, ಸಣ್ಣ ಸಹಿ. ಬಡ್ತಿಯ ಕಡತ ಅವರ ಕಂಕುಳಲ್ಲೇ ಇತ್ತು. ಅಂಗಳದ ತುಂಬ ಜನ ನಿಂತಿದ್ದರು. ಅಧ್ಯಕ್ಷನನ್ನು ಒಳಗೆ ಬಿಡಬಾರದೆಂದು ಮಿಲ್ಲಿಮೀಟರ್ ಬಾಗಿಲಿಗೆ ಅಡ್ಡ ನಿಂತ. ಅಧ್ಯಕ್ಷ “ನಾನು ಅವರ ಕನ್ನಡಕ ನೋಡ್ಬೇಕು, ಒಂದು ಕಡೆ ಇಳಿದಿದೆ” ಎನ್ನುತ್ತ ಒಳಗೆ ಹೋಗಿ ಕೂತ.

ಬೆಳಿಗ್ಗೆ ಮಿಲ್ಲಿಮೀಟರ್ ಮನೆಯಿಂದ ಹೊರಡುವಾಗ ಮೆಟ್ಟಿಲ ಮೇಲೆ ಹೆಂಡತಿ ಅಡ್ಡಗಟ್ಟಿದ್ದಳು. “ಹನ್ನೊಂದು ದಿನ ಆಯ್ತು ರೀ, ಕೈಯಲ್ಲಿ ಒಗ್ದು ಒಗ್ದು ನನ್ನ ರಟ್ಟೆ ಬಿದ್ದುಹೋಯ್ತು. ಮೆಷಿನ್ ಒಳಗೆ ಏನೋ ಅಂಟಂಟು ಮೆತ್ಕೊಂಡಿದೆ…” “ಇವತ್ತೊಂದು ದಿನ” ಎಂದು ಅವನು ಕೈ ಮುಗಿದು ಇಳಿದಿದ್ದ.

ಮೇಲಧಿಕಾರಿ ದಾಖಲೆ ಪುಸ್ತಕವನ್ನು ಮೊದಲ ಪುಟದಿಂದ ತಿರುವಿದರು. ಒಂದೂ ತಿದ್ದುಪಡಿ ಇರಲಿಲ್ಲ. ಅವರ ಮುಖ ಸಡಿಲಾಯಿತು. “ಭಲೆ. ಎಲ್ಲಿ, ಆ ಮಾದರಿ ತನ್ನಿ.”

ಮಿಲ್ಲಿಮೀಟರ್ ಬೀರು ತೆರೆದು ಜಾಡಿ ಹೊರತೆಗೆದ. ಜಾಡಿ ಖಾಲಿ ಇದ್ದ ಹಾಗಿತ್ತು. ತಳದಲ್ಲಿ ಒಂದು ಚಿಟಿಕೆ ಬಿಳಿ ಪುಡಿ.

“ಎಲ್ರೀ ಮೂರು ಪಾಯಿಂಟ್ ಎರಡು?”

“ಇಲ್ಲೇ… ಇಟ್ಟಿದ್ದೆ ಸಾರ್. ಬೀಗ ಹಾಕಿ.”

“ಬೀಗ ಹಾಕಿದ್ದು ನನಗೂ ಕಾಣ್ತಿದೆ. ವಸ್ತು ಎಲ್ಲಿ? ಇದನ್ನ ಸುಳ್ಳು ನಮೂದು ಅಂತಾರೆ ಗೊತ್ತೇನ್ರೀ?” ಅವರು ಬಡ್ತಿಯ ಕಡತವನ್ನು ಮತ್ತೆ ಕಂಕುಳಿಗೆ ಸೇರಿಸಿದರು. ಜಾಡಿಯನ್ನು ಅಲುಗಿಸಿ ನೋಡಿ, ತೊಳೆದಾದರೂ ನೋಡೋಣವೆಂದು ತಾವು ಕುಡಿದು ಬಿಟ್ಟಿದ್ದ ಲೋಟದ ನೀರನ್ನು ಅದರೊಳಗೆ ಸುರಿದರು.

ನೀರು ಕಾಣೆಯಾಯಿತು. ಪುಡಿ ಮೈಮುರಿಯಿತು, ಉಬ್ಬಿತು, ಹರಳು ಹರಳಾಗಿ ಮೇಲೆದ್ದು, ಹತ್ತು ಎಣಿಸುವಷ್ಟರಲ್ಲಿ ಜಾಡಿಯ ಅರ್ಧಕ್ಕೆ ಬಂದು ನಿಂತಿತು.

“ಕುಡೀತು!” ಎಂದರು ಮೇಲಧಿಕಾರಿ.

“ಜೀವ ಇದೆ!” ಎಂದ ಅಧ್ಯಕ್ಷ.

“ಮೂರು ಪಾಯಿಂಟ್ ಎರಡು” ಎಂದ ಮಿಲ್ಲಿಮೀಟರ್, ಜಾಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು. ಅವನ ಕಣ್ಣಲ್ಲಿ ನೀರಿತ್ತು.

ಮೇಲಧಿಕಾರಿ ಕುರ್ಚಿಯಿಂದ ಎದ್ದದ್ದಷ್ಟೇ ಅಲ್ಲ, ಕುರ್ಚಿಯ ಮೇಲೇ ಹತ್ತಿದ್ದರು. ಅಲ್ಲಿಂದಲೇ ಫೋನ್ ತರಿಸಿಕೊಂಡು ಕೇಂದ್ರ ಕಚೇರಿಗೆ ಹೇಳಿಕೆ ಬರೆಸಿದರು: “ವಸ್ತು ನನ್ನ ಸಮಕ್ಷಮದಲ್ಲಿ ನೀರು ಸೇವಿಸಿತು. ಬೆಳೆಯಿತು. ಪರಿಸ್ಥಿತಿ ಹತೋಟಿಯಲ್ಲಿದೆ.” ಅಂಗಳದ ಜನ ಕಿಟಕಿಯ ಸರಳಿಗೆ ಮುಖ ಒತ್ತಿದರು. “ಎಷ್ಟು ಬೆಳೀತಂತೆ?” “ಕುರ್ಚಿ ಎತ್ತರ ಆಗಿರ್ಬೇಕು. ಸಾಹೇಬ್ರು ಮೇಲೆ ಹತ್ತಿದ್ದಾರೆ ನೋಡು.”

ಅಷ್ಟರಲ್ಲಿ ಮೇಲಿನಿಂದ ಮೆಟ್ಟಿಲಿಳಿದು ಒಬ್ಬ ಮನುಷ್ಯ ಬಂದ. ಕೈಯಲ್ಲಿ ಬಕೆಟ್, ಮೊಣಕೈವರೆಗೆ ಲೋಳೆ. ಹನ್ನೊಂದು ದಿನ ಕಾದ ಹೆಂಡತಿ ಗಂಡನನ್ನು ಕೇಳುವುದನ್ನು ಬಿಟ್ಟು, ತಾನೇ ವಾಷಿಂಗ್ ಮೆಷಿನ್ ಮೆಕ್ಯಾನಿಕ್ಕನ್ನು ಕರೆಸಿದ್ದಳು.

“ಅಲ್ಲಾ ಯಜಮಾನ್ರೇ,” ಮೆಕ್ಯಾನಿಕ್ ಬಾಗಿಲಲ್ಲೇ ನಿಂತು ಇಡೀ ಬೀದಿಗೆ ಕೇಳುವಂತೆ ಕೇಳಿದ, “ಡಯಾಪರನ್ನ ಮೆಷಿನ್ನಿಗೆ ಹಾಕೋರು ಯಾರ್ರೀ? ಒಡೆದು, ಒಳಗಿನ ನೀರು ಹೀರೋ ಪುಡಿ ಲೋಳೆಯಾಗಿ ಫಿಲ್ಟರ್ ತುಂಬಾ ಹೋಗಿದೆ. ನೋಡಿಲ್ಲಿ!” ಒಂದು ಬೊಗಸೆ ಎತ್ತಿ ಮೇಜಿನ ಮೇಲೆ ಪಟ್ ಎಂದು ಹಾಕಿದ. ಜಾಡಿಯ ಪಕ್ಕದಲ್ಲೇ.

ಎಲ್ಲರೂ ಜಾಡಿ ನೋಡಿದರು. ಬೊಗಸೆ ನೋಡಿದರು. ಮತ್ತೆ ಜಾಡಿ ನೋಡಿದರು.

ಹಿಂದೆಯೇ ಹೆಂಡತಿ, ಅವಳ ಹಿಂದೆ ಕೂಸನ್ನು ಎತ್ತಿಕೊಂಡ ತಂಗಿ ಇಳಿದು ಬಂದರು.

“ನಾನಲ್ಲ, ಅಕ್ಕನೇ ಹಾಕಿದ್ದು.”

“ನನಗೇನೇ ಗೊತ್ತು? ನೀನು ದುಪ್ಪಟಿ ಒಳಗೆ ಸುತ್ತಿ ಇಟ್ಟಿದ್ದೆ!”

“ಆಮೇಲೆ ಬಟ್ಟೆಗೆಲ್ಲಾ ಮೆತ್ಕೊಂಡಿತ್ತಲ್ಲ, ತಾರಸಿ ಅಂಚಲ್ಲಿ ಒದರಿದ್ದು ಮಾತ್ರ ನಾನು. ಅದನ್ನ ಒಪ್ಕೋತೀನಿ. ಕೆಳಗೆ ಭಾವನ ಡಬ್ಬಿ ಇದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?”

‘ಡಬ್ಬಿ’ ಎಂಬ ಮಾತಿಗೆ ಮಿಲ್ಲಿಮೀಟರ್ ಒಮ್ಮೆ ಕಣ್ಣು ಮುಚ್ಚಿಕೊಂಡ. ಮಾದರಿಯನ್ನು ಹನ್ನೊಂದು ದಿನ ಬೀಗದೊಳಗಿಟ್ಟು ಹೆಂಡತಿಗೂ ತೋರಿಸದ ತನ್ನ ಶಿಸ್ತನ್ನು ಆ ಕ್ಷಣದಲ್ಲಿ ಮೆಚ್ಚುವವರು ಯಾರೂ ಇರಲಿಲ್ಲ.

ಅಧ್ಯಕ್ಷ ಮಾತ್ರ ಸೋಲಲಿಲ್ಲ. ಮೆಕ್ಯಾನಿಕ್ಕಿನ ಹತ್ತಿರ ಹೋಗಿ ದನಿ ತಗ್ಗಿಸಿದ.

“ಎಷ್ಟು ವರ್ಷದಿಂದ ಈ ಕೆಲಸದಲ್ಲಿದ್ದೀರಿ?”

“ಹನ್ನೆರಡು.”

“ಯಾರ ಕೈಕೆಳಗೆ?”

“ನಮ್ಮ ಭಾವನ ಕೈಕೆಳಗೆ.”

“ಭಾವ ಯಾರ ಕೈಕೆಳಗೆ?”

“ಅಕ್ಕನ ಕೈಕೆಳಗೆ.”

“ಅದಕ್ಕಿಂತ ಮೇಲೆ?”

“ಅದಕ್ಕಿಂತ ಮೇಲೆ ಯಾರೂ ಇಲ್ಲ ಸಾರ್. ನೀವು ನಮ್ಮಕ್ಕನ್ನ ನೋಡಿಲ್ಲ.”

ಡ್ರಿಲ್ ಮೇಷ್ಟ್ರು ಕಿಟಕಿಯಿಂದ ಗುಡುಗಿದರು: “ಹಾಗಾದ್ರೆ ನನ್ನ ನೆತ್ತಿ ಮೇಲೆ ನಿಂತಿದ್ದು ಡಯಾಪರೇನ್ರೀ?”

“ಡಯಾಪರೋ ಗಿಯಾಪರೋ,” ಎಂದಳು ಟೈಲರಮ್ಮ, “ನನ್ನ ಹನ್ನೆರಡು ಮುಷ್ಟಿಗೆ ಸರ್ಕಾರಿ ಮುದ್ರೆ ಬಿದ್ದಿದೆ. ಅದನ್ನ ಯಾವ ಮೆಷಿನ್ನೂ ಒಗೆಯೋಕಾಗಲ್ಲ.”

ಮೇಲಧಿಕಾರಿ ಎಲ್ಲರನ್ನೂ ಹೊರಗೆ ಹಾಕಿ ಬಾಗಿಲು ಮುಚ್ಚಿಸಿದರು. ಒಳಗೆ ಅವರು, ಮಿಲ್ಲಿಮೀಟರ್, ಎರಡು ಮುದ್ದೆ ಲೋಳೆ. ಅವರ ಹಣೆ ಬೆವರಿತ್ತು. ಡಯಾಪರು ತಮ್ಮ ಸಮಕ್ಷಮದಲ್ಲಿ ನೀರು ಸೇವಿಸಿತು ಎಂದು ಅವರು ಕೇಂದ್ರ ಕಚೇರಿಗೇ ಬರೆಸಿಯಾಗಿತ್ತು.

“ನೋಡ್ರೀ,” ಎಂದರು. “ಯಾರೋ ಮೆಕ್ಯಾನಿಕ್ ಹೇಳಿದ್ದಕ್ಕೆಲ್ಲಾ ಇಲಾಖೆ ಜವಾಬ್ದಾರಿ ಅಲ್ಲ. ಇವತ್ತು ಹನ್ನೊಂದು ನಲವತ್ತಕ್ಕೆ ಮುಗೀತು ಅಂತ ಬರೀರಿ. ನಮೂದು ಹಾಗೇ ಇರ್ಲಿ. ನಾನು ಇಲ್ಲೇ, ಈಗಲೇ, ನಿಮ್ಮ ಆದೇಶಕ್ಕೆ ಸಹಿ ಹಾಕ್ತೀನಿ. ನಾಳೆಯಿಂದ ನೀವು ವೀಕ್ಷಕರು.” ಕಡತ ತೆರೆದರು. ಪೆನ್ನಿನ ಮುಚ್ಚಳವನ್ನೂ ತೆಗೆದರು.

ಮಿಲ್ಲಿಮೀಟರ್ ‘ಮುಗಿದ ಹೊತ್ತು: 11.40’ ಎಂದು ಬರೆದ. ಅದು ಅವನು ಕಣ್ಣಾರೆ ನೋಡಿದ್ದು. ಆಮೇಲೆ ಬೀರುವಿನಿಂದ ಒಂದು ಹಾಳೆ ತೆಗೆದ.

“ಏನದು?”

“ತಿದ್ದುಪಡಿ ನಮೂನೆ ಸಾರ್.”

“ತಲೆ ಕೆಟ್ಟಿದ್ಯೇನ್ರೀ? ಮೂರು ವರ್ಷ ಹೋಗುತ್ತೆ!”

“ಇದು ಆಕಾಶದಿಂದ ಬಿದ್ದಿಲ್ಲ ಸಾರ್. ತಾರಸಿಯಿಂದ ಬಿದ್ದಿದೆ. ತಾರಸಿಗೆ ನಮ್ಮಲ್ಲಿ ಕಾಲಂ ಇಲ್ಲ.”

“ಯಾರು ನೋಡ್ತಾರೆ ಅದನ್ನ?”

“ನೋಡೋಕೆ ಅಂತಲೇ ನನ್ನ ಇಟ್ಟಿರೋದು.”

ಮೇಲಧಿಕಾರಿ ಪೆನ್ನಿನ ಮುಚ್ಚಳ ಹಾಕಿಕೊಂಡು ಹೊರಟುಹೋದರು.

ಆ ಸಾಯಂಕಾಲ ಹೆಂಡತಿ ಅವನ ಮುಂದೆ ಚಹಾ ಕುಕ್ಕಿದಳು. “ಇನ್ನು ಮೂರು ವರ್ಷ ಸಹಾಯಕರು, ಅಲ್ವಾ?”

“ಹೂಂ.”

“ನಮ್ಮನೆಯೋರು ಸಾಯೋವರೆಗೂ ಆಡ್ಕೋತಾರೆ.” ಆಮೇಲೆ ಕೇಳಿದಳು: “ನನ್ನ ತಂಗಿ ಹೆಸರು ಬರ್ದ್ರಾ?”

“ಇಲ್ಲ. ‘ಮನೆಗೆ ಬಂದ ಕೂಸು’ ಅಂತ ಮಾತ್ರ.”

ನಾಲ್ಕು ತಿಂಗಳ ಮೇಲೆ ಉತ್ತರ ಬಂತು. ತಿದ್ದುಪಡಿ ನಮೂನೆಯಲ್ಲಿ ಮಳೆ, ಆಲಿಕಲ್ಲು, ಇಬ್ಬನಿ, ಮಂಜು ಇವುಗಳಿಗೆ ಮಾತ್ರ ಅವಕಾಶವಿದ್ದು, ‘ಇತರೆ’ಯನ್ನು ತಿದ್ದಲು ನಮೂನೆ ಈವರೆಗೆ ಅಚ್ಚಾಗಿಲ್ಲವಾದ್ದರಿಂದ, ತಿದ್ದುಪಡಿಯನ್ನು ತಿರಸ್ಕರಿಸಲಾಗಿದೆ. ಮೂಲ ನಮೂದು ಊರ್ಜಿತ. ಸದರಿ ನೌಕರನ ಪುಸ್ತಕದಲ್ಲಿ ಯಾವುದೇ ತಿದ್ದುಪಡಿ ಇಲ್ಲವೆಂದು ಇದರಿಂದ ಖಚಿತವಾದ ಕಾರಣ, ಬಡ್ತಿ ನೀಡಲಾಗಿದೆ.

ಮಿಲ್ಲಿಮೀಟರ್ ವೀಕ್ಷಕನಾದ. ನಿಜ ಹೇಳಿದ್ದನ್ನು ಯಾರೂ ಸ್ವೀಕರಿಸದೆ ಇದ್ದುದಕ್ಕೆ ಬಡ್ತಿ ಸಿಕ್ಕಿತೆಂದು ಅವನಿಗೆ ಒಂದೆರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಸೇರಿತು.

ಆದರೆ ಕೇಂದ್ರ ಕಚೇರಿ ಎಂದರೆ ಲೆಕ್ಕ ಹಾಕುವ ಜಾಗ. ಊರ್ಜಿತವಾದ ನಮೂದನ್ನು ಅವರು ಹತ್ತು ವರ್ಷಕ್ಕೆ ಹಂಚಿ ಸರಾಸರಿ ತೆಗೆದರು. ಮರುವರ್ಷದ ಕೊನೆಗೆ ಒಂದು ಮೆಮೊ ಬಂತು, ಜೊತೆಗೊಂದು ನಕ್ಷೆ. ನಕ್ಷೆಯಲ್ಲಿ ಅವನ ಕೇಂದ್ರದ ಸುತ್ತ ಕೆಂಪು ಬಣ್ಣ ಬಳಿದಿದ್ದರು. ‘ಇತರೆ: ವಾಡಿಕೆ 0.3 ಮಿ.ಮೀ. ಈ ವರ್ಷ ಶೂನ್ಯ. ಕೊರತೆ ಶೇಕಡ ನೂರು. ಕಾರಣವನ್ನು ಮೂರು ದಿನದೊಳಗೆ ಶಾಯಿಯಲ್ಲಿ ವಿವರಿಸುವುದು.’

ವೀಕ್ಷಕ ಮೆಮೊ ಹಿಡಿದುಕೊಂಡು ಹದಿನಾಲ್ಕು ಮೆಟ್ಟಿಲು ಹತ್ತಿದ. ಹೆಂಡತಿ ಬಟ್ಟೆ ಮಡಿಸುತ್ತಿದ್ದಳು.

“ನಿನ್ನ ತಂಗಿ ಮತ್ತೆ ಯಾವಾಗ ಬರ್ತಾಳೆ?”

“ಮುಂದಿನ ವಾರ. ಯಾಕೆ? ಅವಳ ಮೇಲೆ ಇನ್ನೂ ಸಿಟ್ಟಾ?”

“ಸಿಟ್ಟಲ್ಲ. ಕೂಸಿಗೆ ಇನ್ನೂ ಅದನ್ನ ಕಟ್ತಾಳಾ ಅಂತ.”

“ಎಲ್ಲಿ ಕಟ್ತಾಳೆ? ಎರಡು ವರ್ಷ ತುಂಬ್ತಾ ಬಂತು ಅದಕ್ಕೆ. ಈಗ ಬಂದ್ರೆ ಬಾಯಿಬಿಟ್ಟು ಹೇಳುತ್ತೆ.”

ವೀಕ್ಷಕ ಕೆಳಗಿಳಿದು ಕುರ್ಚಿಯಲ್ಲಿ ಕೂತು, ಮೆಮೊದ ಕೆಳಗೆ ‘ಕಾರಣ’ ಎಂದಿದ್ದಲ್ಲಿ, ದುಂಡನೆಯ ಅಕ್ಷರದಲ್ಲಿ, ಶಾಯಿಯಲ್ಲಿ ಬರೆದ: ‘ಮಗು ದೊಡ್ಡದಾಗಿದೆ.’